ಮುಂದಕ್ಕೆ ಸರಿದ ಸೀಟು

ಹಲ್ಲಿನ ಡಾಕ್ಟರು ಎಡಗಾಲನ್ನು ಕೆಂಪು ಕಾರಿನೊಳಗೆ ತೂರಿಸಿ, ಸೊಂಟವನ್ನು ಹೇಗೋ ಇಳಿಸಿ, ಬಲಗಾಲನ್ನು ಎಳೆದುಕೊಳ್ಳುವಷ್ಟರಲ್ಲಿ ಮಂಡಿ ಸ್ಟೀರಿಂಗಿಗೆ ಸಿಕ್ಕಿಹಾಕಿಕೊಂಡಿತು. ಸಾವಿನ ಮನೆಯ ಮುಂದೆ ಗೌರವಸ್ಥರೊಬ್ಬರು ಹೀಗೆ ಅರ್ಧ ಒಳಗೆ, ಅರ್ಧ ಹೊರಗೆ ಒದ್ದಾಡುವುದು ನೋಡಲು ಚೆಂದವಲ್ಲ. ಆದರೂ ಯಾರೂ ಕಣ್ಣು ಕೀಳಲಿಲ್ಲ.

"ಇದೇನ್ರೀ, ಸೀಟು ಇಷ್ಟು ಮುಂದಿದೆ? ಅವನು ನನಗಿಂತ ಗೇಣುದ್ದ ಎತ್ತರ ಇದ್ದ!"

ಬಾಗಿಲಲ್ಲಿ ನಿಂತಿದ್ದ, ಸತ್ತವರ ಹೆಂಡತಿಗೆ ಆ ಮಾತು ಕೇಳಿಸಿತು. ಊರಿಗೆಲ್ಲ ಕನ್ನಡಕ ಮಾರಿ 'ಕನ್ನಡಕದವರು' ಎನಿಸಿಕೊಂಡಿದ್ದ ಗಂಡ ಆಗಲೇ ಶವದ ವ್ಯಾನಿನಲ್ಲಿ ಮಲಗಿದ್ದರು. ಅವರದೊಂದು ಗುಟ್ಟನ್ನು ಆಕೆ ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದಳು. ಎಲ್ಲವನ್ನೂ ಯೋಚಿಸಿದ್ದಳು, ಸೀಟೊಂದನ್ನು ಬಿಟ್ಟು.

"ಕಾರು ತೊಳೆಯೋಕೆ ಅಂತ ನಾನೇ ಸರಿಸಿದ್ದೆ," ಎಂದಳು.

ಡಾಕ್ಟರು ಸೀಟಿನ ಕೆಳಗಿನ ಹಿಡಿಯನ್ನು ಜಗ್ಗಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಡಿಯಾರ ರಿಪೇರಿಯವರು ಬಗ್ಗಿ ನೋಡಿದರು. ಸೀಟು ಜಾರುವ ಹಳಿ ತುಕ್ಕು ಹಿಡಿದು ಅಲ್ಲೇ ಅಂಟಿಕೊಂಡಿತ್ತು. ಅವರು ಅದನ್ನು ಮುಟ್ಟಿ, ಬೆರಳಿಗಂಟಿದ ತುಕ್ಕನ್ನು ಒರೆಸಿಕೊಂಡರು.

"ನೀವಾದ್ರೂ ಕೂತ್ಕೊಳ್ಳಿ," ಎಂದರು ಡಾಕ್ಟರು ಹೊರಬಂದು.

"ಈ ಹೊಟ್ಟೆ ಇಟ್ಕೊಂಡಾ? ಕೂತರೆ ಹಾರನ್ ನಿಲ್ಲೋದೇ ಇಲ್ಲ."

ತಮ್ಮ ಶವದ ವ್ಯಾನಿನ ಹಿಂದೆ ಮೊದಲು ಕೆಂಪು ಗಾಡಿ ಬರಬೇಕು, ಆಮೇಲೆ ಡಾಕ್ಟರ ಹಸಿರು, ಕೊನೆಗೆ ಗಡಿಯಾರದವರ ಬೆಳ್ಳಿ ಬಣ್ಣದ್ದು ಎಂದು ಸತ್ತವರು ಬದುಕಿದ್ದಾಗಲೇ ಮೆರವಣಿಗೆ ಗೊತ್ತುಮಾಡಿದ್ದರು. ವ್ಯಾನಿನ ಡ್ರೈವರು ಗಡಿಯಾರ ನೋಡಿಕೊಂಡ. "ಸ್ಮಶಾನದಲ್ಲಿ ಹೊತ್ತು ಗೊತ್ತುಮಾಡಿ ಕೊಟ್ಟಿದ್ದಾರೆ ಸಾರ್. ನಾನು ಹೊರಟಿರ್ತೀನಿ, ಹಿಂದೆ ಬನ್ನಿ," ಎಂದು ನೆಂಟರನ್ನು ಹತ್ತಿಸಿಕೊಂಡು ಹೊರಟೇಬಿಟ್ಟ.

"ಬೇರೆ ಯಾರಿಗಾದ್ರೂ ಕೊಟ್ಟರೆ ಇದು ಮೊದಲ ತಿರುವಲ್ಲೇ ಮಲಗುತ್ತೆ," ಎಂದರು ಡಾಕ್ಟರು. "ನನ್ನ ಹಸಿರಿನದು ಸಾಧು ಪ್ರಾಣಿ, ಬೆರಳಲ್ಲಿ ತಿರುಗಿಸಬಹುದು."

"ಸಾಧುವಲ್ಲ, ಸೋಂಬೇರಿ. ನನ್ನದು ನೋಡಿ, ಎಂಜಿನ್ ಹಿಂದಿದೆ. ತಿರುವಿನ ಮಧ್ಯೆ ಭಯಪಟ್ಟಿರೋ, ಬಾಲ ಮುಂದೆ ಬಂದು ನಿಮ್ಮನ್ನೇ ಮಾತಾಡಿಸುತ್ತೆ."

"ಈ ಕೆಂಪಿನ ಮರ್ಮ ಅವನೊಬ್ಬನಿಗೇ ಗೊತ್ತಿತ್ತು ಬಿಡಿ. ಕೆರೆ ತಿರುವಿನ ಮಾತು ನೆನಪಿದೆಯಾ? ಎಂಥಾ ಮಾತು!"

*

ಕಣ್ಣು ಕೈಕೊಡುತ್ತಿದೆಯೆಂದು ಕನ್ನಡಕದವರಿಗೆ ತಿಳಿದದ್ದು ಅಂಗಡಿಯಲ್ಲಿ, ಗಿರಾಕಿಗಳಿಗೆ ಓದಿಸುವ ಹಲಗೆಯ ನಡುವಿನ ಅಕ್ಷರಗಳು ಮಾಯವಾದಾಗ.

"ಗಾಜಿನ ಮೇಲೆ ಒದ್ದೆ ಹೆಬ್ಬೆರಳು ಒತ್ತಿದ ಹಾಗಿದೆ ಕಣೇ. ನೇರ ನೋಡಿದರೆ ಅಕ್ಷರ ಇಲ್ಲ, ಪಕ್ಕಕ್ಕೆ ನೋಡಿದರೆ ಇದೆ," ಎಂದು ಹೆಂಡತಿಗೆ ಹೇಳಿದ್ದರು. "ಯಾರಿಗೂ ಹೇಳಬೇಡ. ಕನ್ನಡಕ ಮಾರೋನಿಗೇ ಕಣ್ಣಿಲ್ಲ ಅಂತ ಆ ಹಲ್ಲಿನವನು ಸಾಯೋವರೆಗೂ ಹಲ್ಲು ಬಿಡ್ತಾನೆ."

ವಯಸ್ಸಾಯಿತೆಂದು ಅಂಗಡಿಯನ್ನು ಬಿಟ್ಟರು. ಕಾರಿನ ಆಸೆ ಬಿಡಲಾಗಲಿಲ್ಲ. ಊರು ಏಳುವ ಮೊದಲು ಆಕೆಯನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ತಾವು ಎಡಗಡೆ ಉದ್ದ ಕಾಲು ಮಡಚಿಕೊಂಡು ಕೂರತೊಡಗಿದರು.

"ಕ್ಲಚ್ಚನ್ನ ಒಂದೇ ಸಲ ತುಳಿದು ಗೇರಿಗೆ ಹೋಗಬೇಡ. ತುಳಿ, ಬಿಡು, ಮತ್ತೆ ತುಳಿ. ನಿನ್ನ ಹಾಗೇ ಇದು. ಎರಡನೇ ಸಲಕ್ಕೆ ಒಪ್ಕೊಳ್ಳುತ್ತೆ."

"ನಾನು ಎರಡನೇ ಸಲಕ್ಕೆ ಒಪ್ಕೊಂಡಿದ್ದು ನಮ್ಮಪ್ಪನ ಕಾಟಕ್ಕೆ."

ಕೆರೆಯ ಪಕ್ಕದಲ್ಲಿ ಮಂಜು ನೀರಿನಿಂದ ಎದ್ದು ರಸ್ತೆಗೆ ಹತ್ತುತ್ತಿತ್ತು. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಕಣ್ಣಿದ್ದವರಿಗೂ ತಿಳಿಯುತ್ತಿರಲಿಲ್ಲ. ಆ ಒಂದು ತಿರುವಿನಷ್ಟು ದೂರ ಇಬ್ಬರೂ ಸಮನಾಗುತ್ತಿದ್ದರು.

"ಈಗೇನಾಗ್ತಿದೆ, ಹೇಳು."

"ಹಿಂದಿನ ಚಕ್ರ ಜಾರಲೋ ಬೇಡವೋ ಅಂತ ಯೋಚನೆ ಮಾಡ್ತಿದೆ."

"ಆಕ್ಸಿಲರೇಟರ್ ಮೇಲಿಂದ ಕಾಲೆತ್ತೀಯ, ಜೋಕೆ!"

"ಎತ್ತಲ್ಲ. ಉಸಿರು ಬಿಟ್ಟರೆ ಸಾಕು. ನಾನು ಬಿಟ್ಟರೆ ಅದೂ ಬಿಡುತ್ತೆ."

ಮಾತು ಇಷ್ಟವಾಗಿ ಅವರು ಗಟ್ಟಿಯಾಗಿ ನಕ್ಕರು. ಆದರೂ ಅವರ ಬಲಗಾಲು ಮಾತ್ರ ಎಡಗಡೆಯ ಮ್ಯಾಟನ್ನು, ಬ್ರೇಕೇ ಇಲ್ಲದ ಜಾಗದಲ್ಲಿ, ಬಲವಾಗಿ ಒತ್ತುತ್ತಲೇ ಇತ್ತು.

ಭಾನುವಾರ ವರಾಂಡದಲ್ಲಿ ಗೆಳೆಯರ ಮುಂದೆ ಅದೇ ಮಾತು ಅವರದಾಯಿತು. "ಅಲ್ಲಿ ಕಾಲೆತ್ತಬಾರದು ಕಣ್ರಯ್ಯಾ, ಉಸಿರು ಬಿಡಬೇಕು." ಡಾಕ್ಟರು ಮೇಜು ಗುದ್ದಿದರು. ಚಹಾ ತಂದ ಆಕೆಗೆ, "ನಿಮಗೆ ಇದೆಲ್ಲ ತಲೆನೋವಲ್ವಾ ಅತ್ತಿಗೆ?" ಎಂದರು.

"ಅಭ್ಯಾಸ ಆಗಿದೆ," ಎಂದು ಆಕೆ ಕಪ್ಪು ಇಟ್ಟಳು. ಗಂಡ ಪಕ್ಕದ ಗೋಡೆಯನ್ನು ನೋಡಿದರು. ಗೋಡೆ ನೋಡಿದರೇ ಅವರಿಗೆ ಹೆಂಡತಿಯ ಮುಖ ಕಾಣುತ್ತಿತ್ತು.

*

ವ್ಯಾನು ಬೀದಿಯ ತುದಿಯಲ್ಲಿ ತಿರುಗಿ ಮರೆಯಾಯಿತು.

"ಹೋಗಲಿ, ಕೆಂಪನ್ನ ಇಲ್ಲೇ ಬಿಡೋಣ," ಎಂದರು ಡಾಕ್ಟರು. "ಅತ್ತಿಗೆ ನನ್ನ ಗಾಡಿಯಲ್ಲಿ ಬರಲಿ."

ಗಡಿಯಾರದವರು ಸೀಟನ್ನು ನೋಡಿದರು, ಆಮೇಲೆ ಆಕೆಯ ಎತ್ತರವನ್ನು. ಇಡೀ ಬದುಕನ್ನು ಸಣ್ಣ ಚಕ್ರಗಳು ಒಂದಕ್ಕೊಂದು ಕಚ್ಚಿಕೊಳ್ಳುವುದನ್ನು ನೋಡುವುದರಲ್ಲೇ ಕಳೆದವರು.

"ಅತ್ತಿಗೆ," ಎಂದರು ಮೆಲ್ಲಗೆ. "ಆ ಕೆರೆ ತಿರುವಲ್ಲಿ ಕಾಲೆತ್ತಬಾರದು, ಅಲ್ವಾ?"

ಆಕೆ ಖಾಲಿ ಬೀದಿಯನ್ನು ನೋಡಿದಳು. ಬಾಯಿ ಬಿಡದಿದ್ದರೆ ಗಂಡನ ಗುಟ್ಟು ಉಳಿಯುತ್ತದೆ, ಆದರೆ ಗಂಡ ಕೆಂಪು ಗಾಡಿಯಿಲ್ಲದೆ ಹೋಗುತ್ತಾರೆ.

"ಉಸಿರು ಬಿಡಬೇಕು," ಎಂದು ಮೆಟ್ಟಿಲಿಳಿದಳು.

"ಅಯ್ಯೋ, ನಿಮಗೆ ಡ್ರೈವಿಂಗ್ ಬರುತ್ತಾ?" ಎಂದರು ಡಾಕ್ಟರು.

"ಸುಮ್ಮನೆ ನಿಮ್ಮ ಗಾಡಿ ಹತ್ತಿ ಡಾಕ್ಟ್ರೇ," ಎಂದರು ಗಡಿಯಾರದವರು. "ಹಿಂದೆ ಬಿದ್ದರೆ ಕಾಯೋರಿಲ್ಲ."

ಸೀಟು ಆಕೆಯನ್ನು ಗುರುತು ಹಿಡಿದಂತೆ ಒಳಗೆಳೆದುಕೊಂಡಿತು. ಎಂಜಿನ್ ಕೆಮ್ಮಿತು, ಗೊಣಗಿತು, ಎರಡನೇ ಸಲಕ್ಕೆ ಒಪ್ಪಿತು. ಮನೆಗಳು ಹಿಂದಾದವು. ಕೆರೆಯ ಹತ್ತಿರ ಇನ್ನೂ ಒಂದೆಳೆ ಮಂಜು ಉಳಿದಿತ್ತು, ಅದರಾಚೆ ವ್ಯಾನಿನ ಬೆನ್ನು ತೇಲುತ್ತಿರುವಂತೆ ಕಂಡಿತು. ಕನ್ನಡಿಯಲ್ಲಿ ಹಸಿರು ಗಾಡಿ ಹೆದರಿ ಹಿಂದೆ ಸರಿಯಿತು. ಆಕೆ ಕಾಲೆತ್ತಲಿಲ್ಲ. ಹಿಂದಿನ ಚಕ್ರ ಯೋಚನೆಗೆ ಬಿತ್ತು.

ಎಡಕ್ಕೆ ತಿರುಗಿ ನೋಡಬಾರದೆಂದು ಆಕೆಗೆ ಗೊತ್ತಿತ್ತು. ರಸ್ತೆಯ ಮೇಲೆ ಕಣ್ಣಿಟ್ಟು ಉಸಿರು ಬಿಟ್ಟಳು. ಓರೆಯಲ್ಲಿ, ನೋಟದ ಅಂಚಿನಲ್ಲಿ, ಬ್ರೇಕಿಲ್ಲದ ಜಾಗದಲ್ಲಿ ಪಾದದಗಲ ಸವೆದಿದ್ದ ಮ್ಯಾಟಿನ ಮೇಲೆ ಬಿಸಿಲು ಬಂದು ಕಾಲೂರಿತ್ತು.