ಒಂದೇ ತಾಡಪತ್ರಿ, ಎರಡು ಗಿಡ

ಬೆಳಿಗ್ಗೆ ತಾವರಗೇರಾ ದಾಟಿ ಹೇಮಪ್ಪನ ಹೊಲದಲ್ಲಿ ಸ್ಕೂಟಿ ನಿಲ್ಲಿಸುವಷ್ಟರಲ್ಲಿ ನಮ್ಮ ತೋಟಗಾರಿಕೆ ಇಲಾಖೆಯ ಸಮೀಕ್ಷೆಯ ಹದಿನಾಲ್ಕನೇ ನಂಬರಿನ ಹುಣಸೆಮರವನ್ನು ಆಗಲೇ ಬಡಿದು ಮುಗಿಸಿದ್ದರು. ಪಕ್ಕದ ಸೊಟ್ಟ ಮರವನ್ನೂ. ಎರಡರ ಹಣ್ಣೂ ಒಂದೇ ತಾಡಪತ್ರಿಯ ಮೇಲೆ ಒಂದೇ ರಾಶಿ!

"ಬ್ಯಾರೆ ಬ್ಯಾರೆ ಹಾಕ್ರಿ ಅಂತ ಫೋನ್ ಮಾಡಿದ್ನಲ್ರಿ, ಅಮೀನಸಾಬರ!"

ಹಣ್ಣಿನ ಗುತ್ತಿಗೆ ಹಿಡಿದಿದ್ದ ಅಮೀನಸಾಬ ತಲೆ ಕೆರೆದುಕೊಂಡ. "ಮೋಡ ಆಗಿತ್ರಿ ಅನುಷಾ ಮೇಡಂ, ಅವಸರದಾಗ ಕೂಡಿಸಿಬಿಟ್ರು. ಸಾರಿನ್ಯಾಗ ಬಿದ್ದಮ್ಯಾಲೆ ಎರಡೂ ಹುಳೀನ ಅಲ್ಲೇನ್ರಿ?"

ಒಳ್ಳೆಯ ಮರವೆಂದು ಆರಿಸಿ ಕಸಿಗೆ ಕಡ್ಡಿ ಒಯ್ಯಬೇಕಾದರೆ ಮೂರು ವರ್ಷದ ಫಸಲಿನ ತೂಕ ಬೇಕು. ಎರಡು ವರ್ಷ ತೂಗಿದ್ದೆ. ಇದು ತಪ್ಪಿದರೆ ಹದಿನಾಲ್ಕು ಪಟ್ಟಿಯಿಂದಲೇ ಹೊರಗೆ. ರಾಶಿ ಸುತ್ತಿದೆ, ಮರ ಸುತ್ತಿದೆ, ಮತ್ತೆ ರಾಶಿಗೇ ಬಂದೆ.

"ಕಾಲಾಗ ಚಕ್ರ ಅದಾವೇನವಾ? ಒಂದ್ ಕಡಿ ಕುಂದ್ರು," ಎಂದಳು ಕೂಲಿಗೆ ಬಂದಿದ್ದ ಬಾಷಾಬಿ. ಮೂವತ್ತು ವರ್ಷದಿಂದ ಹುಣಸೆಯ ಸಿಪ್ಪೆ ಬಿಡಿಸಿದ ಕೈ ಅವಳದು. "ನಾವು ಆರಿಸಿ ಕೊಡ್ತೀವಿ. ಈಕಿ ಹಣ್ಣ ಬ್ಯಾರೆ, ಆಕಿ ಹಣ್ಣ ಬ್ಯಾರೆ," ಎಂದು ಎರಡೂ ಮರಗಳತ್ತ ಕೈ ತೋರಿದಳು.

ನಂಬಿಕೆ ಬರಲಿಲ್ಲ. ಎರಡೂ ಮರದ ತುದಿಯಲ್ಲಿ ಉಳಿದಿದ್ದ ಹಣ್ಣು ಕೀಳಿಸಿ, ಬೇರೆ ಬೇರೆ ಚೀಲದಲ್ಲಿ ಇಟ್ಟುಕೊಂಡು ಒಂದೊಂದಾಗಿ ಕೊಟ್ಟೆ. ಹೆಬ್ಬೆರಳಿಂದ ಅದುಮಿ ನೋಡಿ ಹತ್ತಕ್ಕೆ ಹತ್ತೂ ಯಾವ ಮರದ್ದೆಂದು ಸರಿಯಾಗಿ ಹೇಳಿದಳು.

"ಪಾಸೋ, ನಪಾಸೋ?"

ಐದು ಮಂದಿ ಹೆಂಗಸರು ರಾಶಿಯ ಸುತ್ತ ಕೂತರು. ಸಂಜೆಯವರೆಗೆ ಕೂರದೇ ಇದ್ದವಳು ನಾನೊಬ್ಬಳೇ.

ಹದಿನಾಲ್ಕರದು ಒಂದೂವರೆ ಕ್ವಿಂಟಲ್ ಬಂತು. ಸದ್ಯ, ಮೂರನೇ ತೂಕ ಸಿಕ್ಕಿತು! ಸುಮ್ಮನೆ ಸೊಟ್ಟ ಮರದ್ದನ್ನೂ ತೂಗಿದೆ. ಒಂದೂ ಮುಕ್ಕಾಲು. ತಕ್ಕಡಿ ಕೆಟ್ಟಿತೇನೋ ಎಂದು ಮತ್ತೆ ತೂಗಿದೆ, ಅಷ್ಟೇ. ಒಂದೊಂದು ಕಿಲೊ ಬಿಡಿಸಿ ತಿರುಳು ತೂಗಿದರೆ ಅದರಲ್ಲೂ ಸೊಟ್ಟದ್ದೇ ಮುಂದೆ.

"ನಿಮಗ ಮೊದಲ ಗೊತ್ತಿತ್ತೇನು ಚಾಚಿ?"

"ನಮ್ಮ ಮನಿಗೆ ಒಯ್ಯೂದು ಇದನ್ನ. ನೀ ಹೆಣ್ಣು ನೋಡಾಕ ಬಂದೋರಂಗ ಆ ನೆಟ್ಟಗಿನಾಕಿ ಮುಂದ ಮೂರು ವರ್ಷ ನಿಂತಿ. ನಮ್ಮನ್ನ ಕೇಳಿದೇನು?"

ಹದಿನಾಲ್ಕರ ತೂಕ ಬರೆದುಕೊಂಡೆ. 'ಅತ್ಯುತ್ತಮ' ಎಂದು ಬರೆಯಲು ಮಾತ್ರ ಕೈ ಏಳಲಿಲ್ಲ. ಸ್ಕೂಟಿಯಿಂದ ಬಣ್ಣದ ಡಬ್ಬಿ ತಂದು ಸೊಟ್ಟ ಬೊಡ್ಡೆಯ ಮೇಲೆ ಪಟ್ಟಿಯ ಮುಂದಿನ ನಂಬರು, ಇಪ್ಪತ್ಮೂರು ಎಂದು ಬರೆದೆ. ಮೊದಲನೇ ವರ್ಷ. ಇನ್ನೂ ಎರಡು ಫಸಲು ಕಾಯಬೇಕು!

"ಮುಂದಿನ ವರ್ಷನೂ ಹಿಂಗ ಬಿಡತೈತೇನು?"

"ಅದು ಅದರ ಪಾಡಿಗೆ ಬಿಡತೈತಿ," ಎಂದು ಬಾಷಾಬಿ ಸೆರಗು ಝಾಡಿಸಿಕೊಂಡು ಎದ್ದಳು. "ಅಷ್ಟ್ರಾಗ ನೀ ಕುಂದ್ರೂದು ಕಲಿ."