ಸಿನಿಮಾ ಸೇರದ ಕಾಡಿನ ಹಾಡು

ನಾನು ಹುಟ್ಟಿದ್ದು ತುಕ್ಕಿನ ಪುಡಿಯಿಂದ. ಆ ಪುಡಿಯನ್ನು ನುಣ್ಣಗೆ ಅರೆದು, ಅಂಟಿನಲ್ಲಿ ಕಲಸಿ, ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗೆ ಬಳಿದರೆ ನನ್ನಂಥ ಟೇಪ್ ಆಗುತ್ತದೆ. ಸುತ್ತಿಟ್ಟರೆ ಊಟದ ತಟ್ಟೆಯಷ್ಟು ಅಗಲ. ನನಗೆ ಕಣ್ಣಿಲ್ಲ, ಮೈಯೆಲ್ಲ ಕಿವಿ.

ಅರವತ್ತರ ದಶಕದಲ್ಲಿ ನನ್ನನ್ನು ರೋಮ್ ನಗರದ ಒಂದು ಸ್ಟುಡಿಯೋಗೆ ತಂದರು. ಅಲ್ಲಿ ಎತ್ತೋರೆ ಎಂಬ ಸಂಗೀತ ನಿರ್ದೇಶಕರು ಕಾಡಿನ ಸಾಹಸದ ಸಿನಿಮಾವೊಂದಕ್ಕೆ ಸಂಗೀತ ಕೂಡಿಸುತ್ತಿದ್ದರು. ಅವರು ಜನ್ಮದಲ್ಲಿ ಕಾಡು ಕಂಡವರಲ್ಲ. ಕಾಡಿನ ದನಿ ಹೇಗಿರುತ್ತದೆಂದು ತಿಳಿಯಲು ಒಂದು ಮಧ್ಯಾಹ್ನ ನನ್ನನ್ನೇ ಯಂತ್ರಕ್ಕೆ ಸುತ್ತಿಕೊಂಡು ಮೃಗಾಲಯಕ್ಕೆ ಹೋದರು. ಹುಲಿ ಮಲಗಿತ್ತು. ಆನೆ ಬಾಯಿ ಬಿಡಲಿಲ್ಲ. ನನ್ನ ಮೈಮೇಲೆ ಉಳಿದದ್ದು ಐಸ್‌ಕ್ರೀಮಿಗಾಗಿ ಹಟ ಹಿಡಿದ ಮಕ್ಕಳ ಅಳು ಮಾತ್ರ. ಎತ್ತೋರೆ ನಕ್ಕು ಅದನ್ನು ಅಳಿಸಿಹಾಕಿದರು.

ಕೆಲವು ದಿನಗಳ ಮೇಲೆ ಅವರು ಸ್ಟುಡಿಯೋಗೆ ಒಬ್ಬರನ್ನು ಕರೆತಂದರು. ಹೆಸರು ಬೊನವೆಂಚರ್ ಮಿನೇಜಸ್. ಪಕ್ಕದ ಬೀದಿಯಲ್ಲಿ ಪಾದ್ರಿಗಳ ವಸತಿಗೃಹವಿತ್ತು, ಅಲ್ಲಿ ಅಡುಗೆ ಅವರದು. ಪಾತ್ರೆ ತೊಳೆದಾದ ಮೇಲೆ ಹಿತ್ತಲಲ್ಲಿ ಕೂತು ಮಣ್ಣಿನ ಮಡಕೆಯಂಥ ಒಂದು ವಾದ್ಯ ಬಾರಿಸುತ್ತಿದ್ದುದನ್ನು ಎತ್ತೋರೆ ಕೇಳಿಸಿಕೊಂಡಿದ್ದರು.

"ಇದು ಯಾವ ಕಾಡಿನದು?" ಎಂದು ಸ್ಟುಡಿಯೋದಲ್ಲಿ ಯಾರೋ ಕೇಳಿದರು.

"ಕಾಡಿನದಲ್ಲ ಸ್ವಾಮಿ, ಮದುವೆಮನೆಯದು. ಗುಮಟೆ ಅಂತಾರೆ. ನಮ್ಮೂರು ಕಿನ್ನಿಗೋಳಿ, ಮಂಗಳೂರಿನ ಹತ್ತಿರ. ಅಲ್ಲಿ ನಮ್ಮ ಕ್ರೈಸ್ತರ ಮದುವೆಗೆಲ್ಲ ಇದು ಬೇಕೇ ಬೇಕು."

ಅವರ ಬೆರಳು ಬಿದ್ದ ಕೂಡಲೇ ಹಸಿ ಮಣ್ಣಿನ ಆಳದಿಂದ ಯಾರೋ ಕರೆದ ಹಾಗಾಯಿತು. ಪಿಟೀಲು ಹಿಡಿದವರೆಲ್ಲ ಶ್ರುತಿ ಕೂಡಿಸುವುದನ್ನು ಬಿಟ್ಟು ಇತ್ತ ತಿರುಗಿದರು.

ಆ ತಾಳಕ್ಕೆ ಮಾತಿಲ್ಲದ ರಾಗ ಹಾಡಬೇಕಾದವರು ನೀವೆಸ್ ಎಂಬ ಗಾಯಕಿ. ವರ್ಷಗಟ್ಟಲೆ ಗುಂಪಿನಲ್ಲಿ ಹಿಂದೆ ನಿಂತು ಹಾಡಿದವರು. ಒಬ್ಬರೇ ಹಾಡುವ ಅವಕಾಶ ಅದೇ ಮೊದಲು. ಆದರೆ ಆ ವಾರ ಅವರ ಗಂಟಲು ಕೆಟ್ಟಿತ್ತು. ಎರಡು ಸಲ ದನಿ ಒಡೆಯಿತು.

"ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ಕರೆಸುತ್ತೇನೆ" ಎಂದರು ನಿರ್ಮಾಪಕರು.

ಮತ್ತೆ ಶುರುವಾಯಿತು. ಗುಮಟೆ ನಡೆಯಿತು, ನೀವೆಸ್ ಅವರ ರಾಗ ಮೇಲಕ್ಕೆ ಏರಿತು. ಏರುತ್ತಿದ್ದಂತೆ ಒಣ ಎಲೆ ಮುರಿದ ಹಾಗೆ ಒಂದು ಸಣ್ಣ ಕೆಮ್ಮು. ಅಷ್ಟರಲ್ಲೇ ಬೊನವೆಂಚರ್ ಗಂಟಲು ಬಿಚ್ಚಿ ಕೊಂಕಣಿಯಲ್ಲಿ ಒಂದು ಸಾಲು ಹಾಡಿಬಿಟ್ಟರು. ಅವರ ದನಿ ದೊಡ್ಡದು. ಅದರ ಮರೆಯಲ್ಲಿ ನೀವೆಸ್ ಉಸಿರು ಹಿಡಿದುಕೊಂಡು ಮತ್ತೆ ರಾಗಕ್ಕೆ ಬಂದರು. ಕೊನೆಯವರೆಗೂ ಒಡೆಯದೆ ಹಾಡಿದರು.

ಎಲ್ಲ ಮುಗಿದ ಮೇಲೆ ಎತ್ತೋರೆ ಕೇಳಿದರು: "ಆ ಸಾಲು ಎಲ್ಲಿಂದ ಬಂತು?"

"ಮದುವೆಯ ಹಿಂದಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವಾಗ ಹಾಡುವುದು. ತಪ್ಪಾಯಿತಾ?"

"ತಪ್ಪಾಗಿದ್ದರೆ ಆಗಲೇ ನಿಲ್ಲಿಸುತ್ತಿದ್ದೆ."

ಮಂದಿಯೆಲ್ಲ ಹೊರಗೆ ಹೋದಾಗ ನೀವೆಸ್ ಮೆಲ್ಲನೆ ಅಂದರು: "ನನ್ನನ್ನು ಉಳಿಸಲಿಕ್ಕೆ ಹಾಡಿದಿರಿ."

"ಪಕ್ಕದವರ ಅನ್ನ ತಳ ಹಿಡೀತಾ ಇದ್ದರೆ ಒಂದು ಸೌಟು ಹಾಕುವುದಿಲ್ಲವಾ ಸಿನ್ಯೋರಾ?" ಎಂದರು ಬೊನವೆಂಚರ್. ಸಿನ್ಯೋರಾ ಎಂದರೆ ಅಲ್ಲಿ ಅಮ್ಮಾವ್ರೇ ಎಂದ ಹಾಗೆ.

ಆದರೆ ಅದೇ ಸಾಲು ನಮಗೆ ಮುಳುವಾಯಿತು. "ನಾಯಕ ಹುಲಿಗೆ ಹೆದರಿ ಓಡುತ್ತಿದ್ದಾನೆ, ಇಲ್ಲಿ ಮದುವೆ ಹಾಡಾ?" ಎಂದು ನಿರ್ಮಾಪಕರು ರೇಗಿದರು. ಎತ್ತೋರೆ ಎಷ್ಟು ಹೇಳಿದರೂ ಕೇಳಲಿಲ್ಲ. ಆ ಜಾಗಕ್ಕೆ ತುತ್ತೂರಿ, ನಗಾರಿ ಬಂದವು. ಎತ್ತೋರೆ ಸಿಟ್ಟಿನಲ್ಲಿ ನನ್ನನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ನಡೆದರು. ಆ ಸಿಟ್ಟಿನಿಂದಲೇ ನಾನು ಬದುಕಿದೆ. ಸಿನಿಮಾ ಓಡಲಿಲ್ಲ, ಸ್ಟುಡಿಯೋದವರು ಅದರ ಟೇಪುಗಳನ್ನೆಲ್ಲ ಅಳಿಸಿ ಬೇರೆ ಕೆಲಸಕ್ಕೆ ಹಚ್ಚಿದರು.

ಬೊನವೆಂಚರ್ ಸಿನಿಮಾ ಬಿಡುಗಡೆಗೆ ಮೊದಲೇ ಹಡಗು ಹತ್ತಿ ಊರಿಗೆ ಮರಳಿದರು. ತಮ್ಮ ಹಾಡು ತೆಗೆದರೆಂದು ಕೇಳಿದ ನೀವೆಸ್ ಥಿಯೇಟರಿನ ಕಡೆ ಹೋಗಲಿಲ್ಲ. ಅವರು ಮತ್ತೆ ಗುಂಪಿನ ಹಿಂದಿನ ಸಾಲು ಸೇರಿದರು. ನಾನು ಎತ್ತೋರೆಯವರ ಬೀರುವಿನ ಮೇಲೆ ಕೂತೆ. ಎಂದಾದರೂ ಕೆಳಗಿಳಿಸಿ ನುಡಿಸುವರೇನೋ ಎಂದು ಕಾದೆ. ಅವರು ಒಮ್ಮೆಯೂ ನುಡಿಸಲಿಲ್ಲ. ಬೀರು ಒರೆಸುವಾಗ ನನ್ನ ಡಬ್ಬಿಯನ್ನು ಎತ್ತಿ, ಕೆಳಗೆ ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದರು.

ಹೀಗೇ ಐವತ್ತು ವರ್ಷ ಕಳೆದು ಅವರು ತೀರಿಕೊಂಡ ಮೇಲೆ, ಮನೆ ಖಾಲಿ ಮಾಡಿದವರು ನನ್ನನ್ನು ಲುದೊವಿಕಾ ಎಂಬುವರ ಕೈಗೆ ಒಪ್ಪಿಸಿದರು. ಹಳೆಯ ಟೇಪುಗಳನ್ನು ಉಳಿಸುವುದೇ ಆಕೆಯ ಕೆಲಸ. ಡಬ್ಬಿ ತೆಗೆದವರೇ, "ಅಯ್ಯೋ, ವಿನೆಗರ್ ವಾಸನೆ!" ಎಂದರು. ನಮ್ಮಂಥವರಿಗೆ ಅದು ಮುಪ್ಪಿನ ಕಾಯಿಲೆ. ಪ್ಲಾಸ್ಟಿಕ್ ಹುಳಿಯಾಗುತ್ತ, ಮುರುಟುತ್ತ ಹೋಗುತ್ತದೆ. ಒಂದು ಸಲ ನುಡಿಸಬಹುದು, ಇನ್ನೊಂದು ಸಲದ ಮಾತು ಹೇಳುವಂತಿಲ್ಲ.

ಯಂತ್ರ ತಿರುಗಿತು. ಶುರುವಿನಲ್ಲೇ ನಾನು ತುಂಡಾದೆ. ಲುದೊವಿಕಾ ತುಂಡುಗಳನ್ನು ಅಂಟಿಸಿದರು. ಮತ್ತೆ ತಿರುಗಿದೆ. ಗುಮಟೆ ಮೊಳಗಿತು, ರಾಗ ಏರಿತು, ಆ ಸಾಲು ಬಂತು. ಎಲ್ಲವೂ ಕಂಪ್ಯೂಟರಿಗೆ ಇಳಿಯಿತು.

"ಯಾರಿವರು?" ಎಂದು ಲುದೊವಿಕಾ ತಮ್ಮಷ್ಟಕ್ಕೆ ಕೇಳಿಕೊಂಡರು.

ಹಳೆಯ ಗಾಯಕರನ್ನು ವಿಚಾರಿಸುತ್ತ ಹೋಗಿ ಅವರು ನೀವೆಸ್ ಅವರನ್ನು ಹುಡುಕಿ ಕರೆತಂದರು. ಗಂಟಲಿನ ಆಪರೇಷನ್ ಆಗಿ ಅವರ ದನಿ ಈಗ ಬರೀ ಗಾಳಿ. ತಮ್ಮದೇ ಹಾಡನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಆಮೇಲೆ, ಬೊನವೆಂಚರ್ ಹೆಸರನ್ನು ತಮ್ಮ ನಾಲಿಗೆಗೆ ಹೊಂದುವಂತೆ ಮೊಟಕು ಮಾಡಿ, "ವೆಂತೂರ" ಎಂದರು. ವಸತಿಗೃಹದ ಪಾದ್ರಿಗಳ ಮೂಲಕ ಕಿನ್ನಿಗೋಳಿಯ ವಿಳಾಸ ಸಿಕ್ಕಿತು. ಒಂದು ಬೆಳಿಗ್ಗೆ ವಿಡಿಯೋ ಕರೆ ಹೋಯಿತು. ಆ ಕಡೆ ಮೊಮ್ಮಗಳು, "ಅಜ್ಜಾ, ಇಲ್ಲಿ ನೋಡಿ, ಇಲ್ಲಿ!" ಎಂದು ಕೂಗುತ್ತಿದ್ದಳು.

ಹಾಡು ಹಾಕಿದರು. ಬೊನವೆಂಚರ್ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುವುದು ಕೇಳಿಸಿತು.

"ಇದನ್ನು ಧ್ವನಿಮುದ್ರಿಕೆಯಾಗಿ ಹೊರತರುತ್ತೇನೆ, ನಿಮ್ಮಿಬ್ಬರ ಹೆಸರಿನಲ್ಲಿ. ಬೇಕೆಂದರೆ ಆ ಕೆಮ್ಮನ್ನು ತೆಗೆಯಬಹುದು. ಈಗ ಅದೆಲ್ಲ ಸುಲಭ" ಎಂದರು ಲುದೊವಿಕಾ.

"ಬೇಡ" ಎಂದರು ನೀವೆಸ್. "ಅದನ್ನು ತೆಗೆದರೆ ಇವರು ಯಾಕೆ ಹಾಡಿದರೆಂದೇ ತಿಳಿಯುವುದಿಲ್ಲ."

ಬೊನವೆಂಚರ್ ಗಂಟಲು ಸರಿಪಡಿಸಿಕೊಂಡರು. "ಅದಿರಲಿ ಸಿನ್ಯೋರಾ, ಆ ಸಿನಿಮಾದ ಹುಲಿ ಕೊನೆಗೆ ಏನಾಯಿತು?"

"ನಾನು ನೋಡಲಿಲ್ಲ. ನೀವು?"

"ನಾನೂ ಇಲ್ಲ."

ಇಬ್ಬರೂ ಲುದೊವಿಕಾ ಅವರನ್ನು ಕೇಳಿದರು. ಸಿನಿಮಾದ ಒಂದು ಪ್ರತಿಯೂ ಉಳಿದಿಲ್ಲ ಎಂದರು ಆಕೆ. ನೀವೆಸ್ ನಕ್ಕರು. ಗಾಳಿಯಂಥ ನಗು.

ಅಂದಿನಿಂದ ಪ್ರತಿ ಭಾನುವಾರ ಚರ್ಚಿನಿಂದ ಬಂದವರೇ ಬೊನವೆಂಚರ್ ಫೋನ್ ಮಾಡುತ್ತಾರೆ, ನೀವೆಸ್ ಲುದೊವಿಕಾ ಅವರ ಕೋಣೆಗೆ ಬಂದು ಕೂರುತ್ತಾರೆ. ಇಬ್ಬರೂ ಹಾಡು ಕೇಳುತ್ತ ಸಿನಿಮಾ ಕಟ್ಟುತ್ತಾರೆ. "ಇಲ್ಲಿ ಹೊಳೆ ಬರುತ್ತೆ" ಎಂದು ಒಬ್ಬರು. "ಹೊಳೆಯಲ್ಲ, ಸೇತುವೆ ಮುರಿಯುವುದು" ಎಂದು ಇನ್ನೊಬ್ಬರು. ನಾಯಕನನ್ನು ಇಬ್ಬರೂ ಮರೆತೇಬಿಟ್ಟಿದ್ದಾರೆ.

ನನ್ನನ್ನು ತಣ್ಣನೆಯ ಉಗ್ರಾಣಕ್ಕೆ ಒಯ್ದ ದಿನವೂ ಭಾನುವಾರವೇ. ಡಬ್ಬಿಯ ಮುಚ್ಚಳ ಹಾಕುವಾಗ ಬೊನವೆಂಚರ್ ಹೇಳುತ್ತಿದ್ದರು: "ಹುಲಿಯನ್ನು ಕೊಲ್ಲುವುದು ಬೇಡ ಸಿನ್ಯೋರಾ. ಅದಕ್ಕೂ ಮನೆ ಇರುತ್ತೆ." ನೀವೆಸ್ ಏನೆಂದರೋ ನನಗೆ ಕೇಳಿಸಲಿಲ್ಲ.

ಇನ್ನು ನನ್ನನ್ನು ಯಾರೂ ನುಡಿಸುವುದಿಲ್ಲ. ನುಡಿಸಿದರೆ ಪುಡಿಯಾಗುತ್ತೇನೆ. ಅದರ ಬೇಸರವಿಲ್ಲ, ನನ್ನಲ್ಲಿದ್ದುದು ಆಗಲೇ ಅವರಿಬ್ಬರ ಕಿವಿ ಸೇರಿದೆ. ಆದರೆ ಆ ಹುಲಿಯ ಯೋಚನೆ ಬಿಡುವುದಿಲ್ಲ. ಈ ಚಳಿಯಲ್ಲಿ ಕೂತು ನಾನೂ ಅದನ್ನು ದಿನಕ್ಕೊಂದು ದಾರಿಯಿಂದ ಮನೆಗೆ ಕಳಿಸುತ್ತೇನೆ.