ಗಂಡನ ಬಾಯಲ್ಲಿ ಹೆಂಡತಿಯ ದನಿ

ಅವನ ಅಡ್ಡಹೆಸರು ರೇಡಿಯೊ. ಮಂತ್ರಿಯಿಂದ ಹಿಡಿದು ಮಿಕ್ಸಿಯವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ಹಾಗಾಗಿ ಊರಿಗೆಲ್ಲ ಮನೆಮಾತು. ಮನೆಯಲ್ಲಿ ಅವನೊಬ್ಬನದೇ ಮಾತು.

ಮಧ್ಯಾಹ್ನ ಮೂರೂವರೆಗೆ ಪೊಲೀಸರು ಬೆಲ್ ಒತ್ತಿದಾಗ ಬಾಗಿಲು ತೆಗೆದವನೂ ಅವನೇ. ಬಂದವರು ಇಬ್ಬರು. ಒಬ್ಬ ದಫೇದಾರ, ನಿವೃತ್ತಿಗೆ ಎರಡು ವರ್ಷ ಬಾಕಿ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಇನ್ನೊಬ್ಬಳು ಹೊಸ ಪೇದೆ. ಠಾಣೆಯಲ್ಲಿ ಫೋನ್ ಎತ್ತಿಕೊಂಡವಳು. ಹೆಂಗಸೊಬ್ಬಳು ಪಿಸುದನಿಯಲ್ಲಿ ವಿಳಾಸ ಹೇಳಿ, ಕಟ್ ಮಾಡದೆ ಫೋನನ್ನು ಹಾಗೇ ಇಟ್ಟಿದ್ದಳು.

ಆ ಹೆಂಗಸು, ರೇಡಿಯೊನ ಹೆಂಡತಿ, ಈಗ ಹೊಲಿಗೆ ಮಿಷನ್ನಿಗೆ ಒರಗಿ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು, ಮೈಮೇಲಿನ ಬಟ್ಟೆ ಒದ್ದೆ, ಎಡಗೈಯನ್ನು ಬಲಗೈ ಹಿಡಿದುಕೊಂಡಿತ್ತು. ಇವರು ಅವನನ್ನು ಕರೆದೊಯ್ದರೆ ತಾನು ಉಳಿದೆ. ಬುದ್ಧಿ ಹೇಳಿ ಬಿಟ್ಟುಹೋದರೆ, ಜೀಪಿನ ಸದ್ದು ತಿರುವು ದಾಟುವವರೆಗೆ ಮಾತ್ರ ತನಗೆ ಉಸಿರು.

“ಬಾತ್‌ರೂಮಿನ ಹೊರಗಡೆ ಚಿಲಕ ಹಳೇದು ಸಾರ್, ತಾನಾಗೇ ಬಿದ್ಕೊಳ್ಳುತ್ತೆ,” ಎಂದ ರೇಡಿಯೊ. “ನಾನು ಅಂಗಡೀಲಿದ್ದೆ. ಬಂದು ಐದು ನಿಮಿಷ ಆಯ್ತು. ನೋಡಿದ್ರೆ ಇವಳು ಒಳಗೆ. ತೆಗೆದೆ, ಅಷ್ಟೇ.”

“ಕೈಗೇನಾಯ್ತಮ್ಮ?” ದಫೇದಾರ ಕೇಳಿದ.

ಅವಳು ಗಂಡನ ಮುಖ ನೋಡಿದಳು. “ಜಾರಿ...”

“ನೋಡಿ ಸಾರ್, ಕಾನೂನು ಇನ್ನೆಲ್ಲೂ ಜಾರಿಯಾಗದಿದ್ರೂ ನಮ್ಮನೆ ಬಾತ್‌ರೂಮಲ್ಲಿ ದಿನಾ ಜಾರಿ.”

ದಫೇದಾರ ನಕ್ಕ. ಪೇದೆಯನ್ನು ಬಾಗಿಲ ಬಳಿಗೆ ಕರೆದು ದನಿ ತಗ್ಗಿಸಿದ. “ರಕ್ತ ಇಲ್ಲ, ಕಣ್ಣಾರೆ ಕಂಡೋರಿಲ್ಲ, ಅವರ ಬಾಯಲ್ಲೇ ಜಾರಿ ಅಂತ ಬಂತು. ಏನಂತ ಒಳಗೆ ಹಾಕೋಣ? ಬುದ್ಧಿ ಹೇಳಿ ಹೊರಡೋಣ.”

“ಅವರನ್ನ ಬೇರೆ ಕೂರಿಸಿ ಕೇಳೋಣ ಸಾರ್.”

“ನಾಳೆ ಇಬ್ರೂ ರಾಜಿ ಆಗ್ತಾರೆ, ನಾಡಿದ್ದು ನಮ್ಮ ಮೇಲೇ ಅರ್ಜಿ ಹಾಕ್ತಾರೆ. ನಿಂಗೊತ್ತಾಗಲ್ಲಮ್ಮ.”

ತಗ್ಗಿಸಿದ ದನಿಯೂ ಹೆಂಡತಿಯ ಕಿವಿಗೆ ಬಿತ್ತು. ಮಿಷನ್ನಿನ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗೆದ್ದೆನೆಂದು ರೇಡಿಯೊನಿಗೂ ಗೊತ್ತಾಯಿತು. ಏದುಸಿರು ಎಳೆಯುತ್ತ ದಫೇದಾರನ ದನಿಯನ್ನೇ ಶುರುಮಾಡಿದ: “ಮೂರು ಮಹಡಿ... ಹತ್ಸಿದ್ರಲ್ಲಪ್ಪ... ಒಂದು ಲೋಟ ಕಾಫಿನಾದ್ರೂ...”

“ಎಲಾ ಇವನ,” ದಫೇದಾರ ಹೊಟ್ಟೆ ಹಿಡಿದುಕೊಂಡ. “ನಮ್ಮ ಮನೆಯವಳು ಕೇಳಿದ್ರೆ ನಿನ್ನನ್ನೇ ಬಾಗಿಲು ತೆಗೆದು ಒಳಗೆ ಕರೀತಾಳೆ ಕಣಯ್ಯ.”

“ಇವಳದೂ ಮಾಡ್ಲಾ ಸಾರ್?”

ಬೇಡ ಎಂದು ಅವಳ ತುಟಿಯಷ್ಟೇ ಅಲುಗಿತು. ಅವನು ಭುಜ ಕುಗ್ಗಿಸಿ, ಎದುರಿಗಿಲ್ಲದ ಬಾಗಿಲನ್ನು ಉಗುರಿನಿಂದ ಕೆರೆದ. “ರೀ... ಉಸಿರು ಕಟ್ತಿದೆ ರೀ... ಅಕ್ಕನ ಮನೆಗೆ ಹೋಗ್ತೀನಿ ಅಂತ ಇನ್ಯಾವತ್ತೂ ಅನ್ನಲ್ಲ ರೀ... ಬಾಗಿಲು ತೆಗೀರಿ...”

ಒಂದೊಂದು ‘ರೀ’ಗೂ ಗಂಟಲಲ್ಲಿ ಸಿಕ್ಕಿಕೊಳ್ಳುವ ಬಿಕ್ಕು ಸಹ ಹಾಗೇ ಇತ್ತು. ಅನುಕರಣೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದರೊಳಗಿನ ಕರುಣೆಯೊಂದೇ ಕಳಚಿಬಿದ್ದಿತ್ತು.

ಪೇದೆ ನಗಲಿಲ್ಲ. “ಸಾರ್, ನಾನು ಫೋನಲ್ಲಿ ಕೇಳಿದ್ದು ಇದನ್ನೇ. ಅಕ್ಕನ ಮನೆ ಮಾತೂ ಸೇರಿ. ಅರ್ಧ ಗಂಟೆ ಹಿಂದೆ.” ಅವಳು ರೇಡಿಯೊನ ಕಡೆ ತಿರುಗಿದಳು. “ನೀವು ಬಂದು ಐದೇ ನಿಮಿಷ ಅಂದ್ರಿ. ಇದನ್ನ ಎಲ್ಲಿ ನಿಂತು ಕೇಳಿಸ್ಕೊಂಡ್ರಿ?”

ರೇಡಿಯೊನ ಕಣ್ಣು ಬಾತ್‌ರೂಮಿನ ಚಿಲಕದ ಕಡೆ ಹೋಯಿತು.

ದಫೇದಾರ ಬಾತ್‌ರೂಮಿಗೆ ಹೋಗಿ ಚಿಲಕವನ್ನು ಎತ್ತಿ ಬಿಟ್ಟ. ಬೀಳಲಿಲ್ಲ. ತುಕ್ಕು ಹಿಡಿದಿತ್ತು, ಹೆಬ್ಬೆರಳಿಟ್ಟು ಅದುಮಿದ ಮೇಲಷ್ಟೇ ಕೂತಿತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದ. ನಗುವಿನ ಗುರುತೂ ಮುಖದಲ್ಲಿ ಉಳಿದಿರಲಿಲ್ಲ.

“ನಡಿ.”

“ಸಾರ್, ತಮಾಷೆಗೆ...”

“ಗೊತ್ತಾಯ್ತು. ಜಾರಿ ಬೇಕು ಅಂತಿದ್ಯಲ್ಲ, ಮಾಡ್ತಿದೀನಿ.”

ಪೇದೆ ಅವಳನ್ನು ಅಡುಗೆಮನೆಗೆ ಕರೆದೊಯ್ದು ಹೇಳಿಕೆ ಬರೆದುಕೊಂಡಳು. ಆಮೇಲೆ ಪೊಲೀಸರಿಬ್ಬರೂ ಸೇರಿ ಅವನನ್ನು ಹೊರಡಿಸಿದರು. ಹೊಸ್ತಿಲಲ್ಲಿ ಅವನು ತಿರುಗಿ, “ಬೇಗ ಬಂದ್ಬಿಡ್ತೀನಿ” ಎಂದ. ಈ ಸಲ ಸ್ವಂತ ದನಿ, ತುಂಬ ಮೆತ್ತಗೆ.

ಅವಳು ಮುಂಬಾಗಿಲಿನ ಎರಡೂ ಚಿಲಕ ಹಾಕಿಕೊಂಡಳು. ಹತ್ತು ನಿಮಿಷವಾಗಿರಲಿಲ್ಲ, ಯಾರೋ ಬಾಗಿಲು ಬಡಿದರು.

“ಅಮ್ಮಾ... ನಾನು, ದಫೇದಾರ... ಒಂದು ಸಹಿ ಬಿಟ್ಟುಹೋಯ್ತು.”

ಅದೇ ಏದುಸಿರು. ಆ ಏದುಸಿರನ್ನು ಅವಳು ಇವತ್ತು ಎರಡು ಬಾಯಲ್ಲಿ ಕೇಳಿದ್ದಳು. ತಪ್ಪಿಸಿಕೊಂಡು ಬಂದಿದ್ದರೆ?

“ಕಾಗದ ಕೆಳಗಿಂದ ತಳ್ಳಿ.”

“ನಾನೇ ಕಣಮ್ಮ.”

“ಇರಬಹುದು. ತಳ್ಳಿ.”

ಅವಳು ಮಿಷನ್ ಮೇಲಿದ್ದ ಕತ್ತರಿ ಎತ್ತಿಕೊಂಡಳು. ಕೊನೆಗೆ ಬಾಗಿಲ ಸಂದಿಯಲ್ಲಿ ಕಾಗದದ ಅಂಚು ಕಾಣಿಸಿತು, ಹಿಂದೆಯೇ ಒಂದು ಪೆನ್ನು. ಪೇದೆಯ ಗುಂಡುಗುಂಡನೆಯ ಅಕ್ಷರ. ತಾನು ಹೇಳಿದ ಮಾತುಗಳೇ. ನೆಲದ ಮೇಲೆ ಕೂತು ಸಹಿ ಹಾಕಿ ವಾಪಸು ತಳ್ಳಿದಳು.

“ನಾಳೆ ಕೋರ್ಟಲ್ಲಿ ಇದನ್ನೇ ಹೇಳ್ಬೇಕಾಗುತ್ತೆ,” ಎಂದಿತು ದನಿ. “ಬರ್ತೀರಾ?”

“ಬರ್ತೀನಿ.”

“ಏನಮ್ಮ? ಕೇಳಿಸ್ಲಿಲ್ಲ.”

“ಬರ್ತೀನಿ ಅಂದೆ.” ಈ ಸಲ ಎಷ್ಟು ಜೋರಾಗಿ ಬಂತೆಂದರೆ, ಎದುರು ಮನೆಯವರು ಬಾಗಿಲು ತೆರೆದ ಸದ್ದು ಕೇಳಿಸಿತು.